ಹಿತ್ತಾಳೆ ಕಣ್ಣು

ಮಾರೇನಹಳ್ಳಿಯ ನಮ್ಮ ಬೀದಿ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಹೂವು ಮಾರುವ ಅಕ್ಕ ಒಬ್ಬರಿದ್ದಾರೆ. ಹೋದ ಕಾರ್ತಿಕದಲ್ಲಿ ಅವರದೊಂದು ಫೋಟೊ ತೆಗೆದೆ. ನಾಲ್ಕು ಇಂಚು ಅಗಲ, ಐದು ಇಂಚು ಉದ್ದದ ಕಾಗದದ ಮೇಲೆ ಚಿತ್ರ ಮೂಡಿಸುವ ಮರದ ಕ್ಯಾಮೆರಾ, ಅದರ ಮುಂದೆ ನೂರು ವರ್ಷಕ್ಕೂ ಹಳೆಯದಾದ ಹಿತ್ತಾಳೆಯ ಲೆನ್ಸ್. ಅಕ್ಕನ ಮುಖ ಕೆತ್ತಿದಷ್ಟು ಸ್ಪಷ್ಟವಾಗಿತ್ತು. ಹಿಂದಿನ ಹೊಂಗೆ ಎಲೆಗಳೆಲ್ಲ ಅವರ ತಲೆಯ ಸುತ್ತ ಸುಳಿಯಾಗಿ ತಿರುಗಿ, ದೇವರ ಹಿಂದಿನ ಪ್ರಭಾವಳಿಯಂತೆ ಕಾಣುತ್ತಿದ್ದವು. ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ನನ್ನ ಬೇರಾವ ಬರಹಕ್ಕೂ ಬಾರದಷ್ಟು ಮೆಚ್ಚುಗೆ ಬಂತು. 'ಹಳೇ ಕಾಲವೇ ಎದ್ದು ಬಂದಂತಿದೆ' ಎಂದವರೇ ಹೆಚ್ಚು.

ಪ್ರಿಂಟ್ ತೆಗೆದುಕೊಂಡು ಹೋಗಿ ಅಕ್ಕನಿಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. "ನಾನೇನೋ ಚೆನ್ನಾಗೇ ಬಂದಿದೀನಿ ಕಣಮ್ಮ. ನಮ್ಮ ಹುಡುಗಿ ಎಲ್ಲೋದ್ಲು?"

ಹುಡುಗಿ ಎಂದರೆ ಅವರ ಸೊಸೆ. ಪಕ್ಕದಲ್ಲೇ ಕೂತು ಕನಕಾಂಬರ ಕಟ್ಟುತ್ತಿದ್ದರು. ಚೌಕಟ್ಟಿನೊಳಗೇ ಇದ್ದರು. ಆದರೆ ಬಲಗಡೆಯ ಅಂಚಿನಲ್ಲಿ ಅವರ ಮುಖ ಎಲೆಗಳ ಜತೆ ಸೇರಿ ಸುಳಿಯಾಗಿತ್ತು. ಎಡಗಡೆ ಪೊರಕೆ ಹಿಡಿದು ನಿಂತಿದ್ದ ಪೌರಕಾರ್ಮಿಕ ಹೆಂಗಸನ್ನಂತೂ, ಪ್ರಿಂಟ್ ಮಾಡಿದ ನಾನೇ ಅದುವರೆಗೆ ಗಮನಿಸಿರಲಿಲ್ಲ.

ಯಾರು ಏನು ಹೇಳಿದರೂ ನಂಬುವವರಿಗೆ 'ಹಿತ್ತಾಳೆ ಕಿವಿ' ಎನ್ನುತ್ತೇವೆ. ಹಳೆಯದಾಗಿ ಕಂಡದ್ದನ್ನೆಲ್ಲ ನಿಜವೆಂದು ನಂಬುವ ಕಣ್ಣೂ ಒಂದಿದೆ. ನನ್ನದು ಅಂಥದ್ದೇ ಆಗಿತ್ತು.

ನನ್ನ ಮೊದಲ ಲೆನ್ಸ್ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನದು. "ಬ್ರಿಟಿಷರ ಕಾಲದ್ದು ಮೇಡಂ, ಪ್ಯೂರ್ ಹಿತ್ತಾಳೆ" ಎಂದ ವ್ಯಾಪಾರಿಗೆ ಸಾವಿರದ ಎಂಟುನೂರು ಕೊಟ್ಟು ತಂದೆ. ಕ್ಯಾಮೆರಾಕ್ಕೆ ಹಾಕಿ ಹಿಂದಿನ ಮಂಜುಗಾಜಿನಲ್ಲಿ ನೋಡಿದರೆ, ಕತ್ತಲ ನಡುವೆ ದೊಡ್ಡ ನಾಣ್ಯದಷ್ಟಗಲದ ಲೋಕ. ಅದು ಯಾವುದೋ ಟಾಕೀಸಿನ ಪ್ರೊಜೆಕ್ಟರ್ ಲೆನ್ಸ್. ಮೂವತ್ತೈದು ಎಂಎಂ ರೀಲಿನ ಒಂದು ಚೌಕ ಒಂದು ಇಂಚೂ ಅಗಲವಿರುವುದಿಲ್ಲ. ಅಷ್ಟನ್ನು ತುಂಬಲು ಮಾಡಿದ ಲೆನ್ಸು ಐದು ಇಂಚಿನ ಕಾಗದವನ್ನು ಎಲ್ಲಿಂದ ತುಂಬೀತು? ಅಂಗಡಿಯಲ್ಲೇ ಒಂದು ಬಿಳಿ ಹಾಳೆ ಹಿಡಿದು, ಅದರ ಮೇಲೆ ಕಿಟಕಿಯ ಬಿಂಬ ಬೀಳಿಸಿ, ವೃತ್ತ ಎಷ್ಟಗಲ ಬರುತ್ತದೆಂದು ನೋಡಿದ್ದರೆ ದುಡ್ಡು ಉಳಿಯುತ್ತಿತ್ತು. ಎರಡನೆಯ ಸಲ ಹಾಗೇ ಮಾಡಿದೆ. ಬೆಳಕಿಗೆ ಹಿಡಿದು, ಗಾಜುಗಳನ್ನು ಅಂಟಿಸಿದ ಬಾಲ್ಸಂ ಹಳದಿಯಾಗಿದೆಯೋ, ಅಂಚಿನಲ್ಲಿ ಗುಳ್ಳೆ ಎದ್ದಿದೆಯೋ ನೋಡಿದೆ. ಹಿಂದಿನ ಎರಡು ಗಾಜುಗಳ ನಡುವಿನ ತೆಳುವಾದ ಉಂಗುರ ಇದೆಯೋ ಎಂದೂ ನೋಡಿದೆ. ಒರೆಸಲು ಬಿಚ್ಚಿದವರು ಅದನ್ನು ಕಳೆದಿರುತ್ತಾರೆ, ಇಲ್ಲವೇ ಗಾಜನ್ನು ತಿರುಗಾಮುರುಗಾ ಕೂರಿಸಿರುತ್ತಾರೆ. ಆರೂವರೆ ಸಾವಿರಕ್ಕೆ ಸಿಕ್ಕಿದ್ದು ಮ್ಯಾಜಿಕ್ ಲ್ಯಾಂಟರ್ನಿನ ಲೆನ್ಸ್, ಎಂಟು ಇಂಚು ಫೋಕಲ್ ಲೆಂತ್, ಎರಡು ಇಂಚು ಬಾಯಿ. ಮನೆಗೆ ತಂದ ವಾರದಲ್ಲೇ ಅಮ್ಮ ದೀಪದ ಕಂಬಗಳ ಜತೆ ಅದಕ್ಕೂ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿಟ್ಟರು. ಹಳೆಯ ಮೆರುಗೆಣ್ಣೆಯೆಲ್ಲ ಹೋಯಿತು. ಸಂಗ್ರಹಕಾರರು ಕೇಳಿದರೆ ಎದೆ ಒಡೆದುಕೊಂಡಾರು. ಗಾಜಿಗೆ ಹುಣಸೆ ತಾಗಿರಲಿಲ್ಲ, ಅಷ್ಟೇ ನನ್ನ ಪುಣ್ಯ.

ಇಂಥ ಲೆನ್ಸುಗಳ ಮೂಲ 1840ರ ವಿಯೆನ್ನಾ. ಜೋಸೆಫ್ ಪೆಟ್ಸ್‌ವಾಲ್ ಎಂಬ ಗಣಿತದ ಪ್ರಾಧ್ಯಾಪಕ ಲೆಕ್ಕ ಹಾಕಿ ರೂಪಿಸಿದ್ದನ್ನು ಫಾಯ್ಗ್ಟ್‌ಲೆಂಡರ್ ತಯಾರಿಸಿದ. ಅದಕ್ಕೂ ಹಿಂದಿನ ವರ್ಷವಷ್ಟೇ ಡಾಗೇರ್‌ನ ವಿಧಾನ ಲೋಕಕ್ಕೆ ತಿಳಿದಿತ್ತು; ಮುಖದ ಚಿತ್ರ ತೆಗೆಯಬೇಕೆಂದರೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಪೆಟ್ಸ್‌ವಾಲ್‌ನ ಲೆನ್ಸ್ ಸುಮಾರು ಹದಿನಾರು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಟ್ಟಿತು. ಮನುಷ್ಯರ ಮುಖಗಳು ಫೋಟೊದೊಳಗೆ ಬಂದದ್ದು ಅದರ ದೆಸೆಯಿಂದ. ಬೆಲೆಯಾಗಿ ಅಂಚನ್ನು ಕೊಡಬೇಕಾಯಿತು. ಈ ಲೆನ್ಸಿನ ಬಿಂಬ ಬೋಗುಣಿಯಂತೆ ಬಾಗಿರುತ್ತದೆ, ನಾವಿಡುವ ಕಾಗದ ತಟ್ಟೆಯಂತೆ ಚಪ್ಪಟೆ. ನಡುವೆ ಎರಡೂ ಕೂಡುತ್ತವೆ, ಅಂಚಿಗೆ ಹೋದಷ್ಟೂ ಬೇರೆಯಾಗುತ್ತವೆ. ಜತೆಗೆ, ಓರೆಯಾಗಿ ಬರುವ ಬೆಳಕನ್ನು ಉದ್ದನೆಯ ಕೊಳವೆ ಎರಡೂ ಕಡೆ ಕತ್ತರಿಸುತ್ತದೆ. ಎಲೆಗಳ ನಡುವಿನ ಬೆಳಕಿನ ಚುಕ್ಕೆಗಳು ಬೆಕ್ಕಿನ ಕಣ್ಣಿನ ಆಕಾರ ತಾಳಿ ನಡುವಿನ ಸುತ್ತ ಸಾಲುಗಟ್ಟುತ್ತವೆ. ನಾವು ಮೆಚ್ಚುವ ಸುಳಿ ಇದು.

ಈ ಸುಳಿಯನ್ನು 'ಆ ಕಾಲದ ಕಣ್ಣು' ಎನ್ನುವವರಿದ್ದಾರೆ. ನಾನೂ ಅನ್ನುತ್ತಿದ್ದೆ. ಆದರೆ ಆ ಕಾಲದ ಛಾಯಾಗ್ರಾಹಕರಿಗೆ ಅದು ದೋಷವಾಗಿತ್ತು. ಬಾಯಿಯನ್ನು ಕಿರಿದು ಮಾಡಿದರೆ ಅಂಚು ತಿಳಿಯಾಗುತ್ತದೆಂದು ಅವರಿಗೆ ಗೊತ್ತಿತ್ತು. 1858ರಲ್ಲಿ ಜಾನ್ ವಾಟರ್‌ಹೌಸ್ ಎಂಬಾತ ಬೇರೆ ಬೇರೆ ಅಳತೆಯ ತೂತಿರುವ ಲೋಹದ ಹಾಳೆಗಳನ್ನು ಲೆನ್ಸಿನ ಸೀಳಿನೊಳಗೆ ಇಳಿಬಿಡುವ ಉಪಾಯವನ್ನು ತಿಳಿಸಿದ ಮೇಲೆ, ಕ್ಯಾಮೆರಾ ಲೆನ್ಸುಗಳಿಗೆ ಆ ಸೀಳು ಮಾಮೂಲಾಯಿತು. ನನ್ನ ಲೆನ್ಸಿಗೆ ಸೀಳಿಲ್ಲ. ಲ್ಯಾಂಟರ್ನಿಗೆ ಬೇಕಾದದ್ದು ಬೆಳಕೊಂದೇ, ಅದೂ ಮೂರೂಕಾಲು ಇಂಚಿನ ಗಾಜಿನ ಸ್ಲೈಡಿಗೆ ಸಾಕಾಗುವಷ್ಟು. ಅಂದರೆ ನನ್ನ ಚಿತ್ರದ ಸುಳಿ ಯಾವ ಹಳೆಯ ಛಾಯಾಗ್ರಾಹಕನ ನೋಟವೂ ಆಗಿರಲಿಲ್ಲ. ಒಂದು ಕೆಲಸಕ್ಕೆ ಮಾಡಿದ್ದನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದ್ದರ ಫಲ ಅದು. 2013ರಲ್ಲಿ ಲೋಮೋಗ್ರಫಿ ಕಂಪನಿ ಪೆಟ್ಸ್‌ವಾಲ್ ಹೆಸರಿನಲ್ಲೇ ಹೊಸ ಹಿತ್ತಾಳೆ ಲೆನ್ಸ್ ತಂದು ಡಿಜಿಟಲ್ ಕ್ಯಾಮೆರಾಗಳಿಗೂ ಈ ಸುಳಿಯನ್ನು ಮಾರಿತು. ಹಿಂದಿನವರು ಮುಚ್ಚಿಕೊಳ್ಳಲು ಹೆಣಗಿದ್ದನ್ನು ನಾವು ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ.

ನಾನಿರುವುದು ವಿಜಯನಗರದ ಮಗ್ಗುಲಲ್ಲಿ. ಹಂಪಿನಗರಕ್ಕೆ ಹೆಜ್ಜೆ ಹಾಕಿದರೆ ಸ್ವಲ್ಪವೇ ದೂರ. ಮನೆಗಳ ಮೇಲೆ, ಬಸ್ಸುಗಳ ಮೇಲೆ ದಿನವೂ ಓದುವ ಈ ಹೆಸರುಗಳ ಅಸಲಿ ಊರನ್ನು 1856ರಲ್ಲಿ ಕ್ಯಾಮೆರಾದಲ್ಲಿ ಹಿಡಿದವನು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳು ಅವನವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ 'ಹಳೇ ಕಾಲ' ಮುರಿದುಬಿತ್ತು. ಗ್ರೀನ್‌ಲಾನ ಚಿತ್ರಗಳಲ್ಲಿ ಸುಳಿ ಇಲ್ಲ. ಕಾಗದದ ನಾರಿನಿಂದ ಬಂದ ಸ್ವಲ್ಪ ಮೃದುತನವಿದೆ, ಅದೂ ಎಲ್ಲ ಕಡೆಗೆ ಸಮನಾಗಿ ಹಂಚಿದೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು. ಇವತ್ತು ಅದಿಲ್ಲ, ಐವತ್ತು ರೂಪಾಯಿಯ ಹೊಸ ನೋಟಿನ ಮೇಲಿರುವ ರಥಕ್ಕೂ ಇಲ್ಲ. ಆ ಶಿಖರ ಹೇಗಿತ್ತೆಂದು ನಾವು ನೋಡಬಹುದಾದದ್ದು ಗ್ರೀನ್‌ಲಾನ ಕಾಗದದಲ್ಲಿ. ಅವನಿಗೆ ಪಾಳನ್ನು ಕಂಡು ಯಾವ ಭಾವ ಉಕ್ಕಿತೋ, ಅದನ್ನು ಅಂಚಿನಲ್ಲಿ ಕದಡಿ ತೋರಿಸಲಿಲ್ಲ. ಇದ್ದದ್ದನ್ನು ಮೂಲೆಯವರೆಗೂ ಇಟ್ಟ. ವಸಾಹತು ಸೈನ್ಯದ ಅಧಿಕಾರಿಯ ನೋಟ ನಿರ್ಮಲವಾಗಿತ್ತೆಂದು ಇದರ ಅರ್ಥವಲ್ಲ. ಯಾವುದರ ಎದುರು ನಿಲ್ಲಬೇಕೆಂದು ಆರಿಸಿದವನು ಅವನೇ. ಆದರೆ ಆರಿಸಿದ ಚೌಕಟ್ಟಿನೊಳಗೆ ನಾವು ಅವನ ಜತೆ ಜಗಳವಾಡಬಹುದು. ಅವನು ಬೇಡವೆಂದು ಬಿಟ್ಟದ್ದೂ ಅಲ್ಲಿ ಕಾಣುತ್ತದೆ. ಸುಳಿಯ ಜತೆ ಜಗಳವಾಡಲು ಬರುವುದಿಲ್ಲ.

ಇದು ಬರೀ ಫೋಟೊ ವಿಚಾರವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನನ್ನ ಪಿಎಚ್‌ಡಿ ವಿಷಯ ಕನ್ನಡದ ಬಾಲ್ಯದ ನೆನಪಿನ ಬರಹಗಳು. ಹೂವಿನ ಅಕ್ಕ ಕೇಳಿದ ಪ್ರಶ್ನೆಯನ್ನು ಹೊತ್ತು ಮನೆಗೆ ಬಂದು, ಆಗಷ್ಟೇ ಮುಗಿಸಿದ್ದ ಮೂರನೇ ಅಧ್ಯಾಯವನ್ನು ಮತ್ತೆ ಓದಿದೆ. ಊರ ನೆನಪಿನ ಪ್ರಬಂಧಗಳ 'ಆರ್ದ್ರತೆ'ಯನ್ನು ಹದಿನೆಂಟು ಪುಟ ಹೊಗಳಿದ್ದೆ. ಅಜ್ಜಿಯ ಮುಖದ ಸುಕ್ಕುಗಳು, ಅವಳ ಸೆರಗಿನ ಗಂಟು, ಒಲೆಯ ಮುಂದಿನ ಬೆಳಕು ಎಲ್ಲ ಅಚ್ಚುಕಟ್ಟು. ಆ ಒಲೆಗೆ ಸೌದೆ ಒಡೆದು ಹಾಕಿದವನು? ಹಟ್ಟಿಯ ಸಗಣಿ ಬಾಚಿದವಳು? ಅವರು ಇಲ್ಲವೆಂದಲ್ಲ, ಚೌಕಟ್ಟಿನೊಳಗೇ ಇದ್ದಾರೆ. 'ಆಳುಕಾಳು', 'ಮನೆ ತುಂಬ ಜನ' ಎನ್ನುವ ಸುಳಿಯಾಗಿ ಅಜ್ಜಿಯ ಸುತ್ತ ತಿರುಗುತ್ತಾರೆ. ಚಿತ್ರದಿಂದ ತೆಗೆದುಹಾಕಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಚೆಂದದ ಮಸುಕು ಮಾಡಿರುವುದರಿಂದ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕರಡನ್ನು ಓದಿದ ನಮ್ಮ ಗೈಡ್ ಮೇಡಂ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕಿ ಕೊಟ್ಟಿದ್ದರು. ಭಾಷೆಯ ತಪ್ಪೇನೋ ಇರಬೇಕೆಂದುಕೊಂಡು ಆ ವಾಕ್ಯವನ್ನೇ ತಿದ್ದಿ ಕೂತಿದ್ದೆ.

ಗತಕಾಲವನ್ನು ಬರೆದರೆ ಹೀಗೇ ಆಗುತ್ತದೆ, ನೆನಪಿನ ಗುಣವೇ ಅದು ಎಂಬ ಸಮಜಾಯಿಷಿ ಇದೆ. ನನಗೆ ಒಪ್ಪಿಗೆಯಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಅದರ ಕಾಲ ಹತ್ತೊಂಬತ್ತನೇ ಶತಮಾನದ ಕೊನೆ. ಹಳೆಯ ಕಾಲವೇ, ಮಲೆನಾಡೇ, ಮಳೆಯೇ, ಮಸುಕಾಗಲು ಎಲ್ಲ ನೆಪಗಳೂ ಇದ್ದವು. ಆದರೆ ಅಲ್ಲಿ ಹೆಗ್ಗಡೆಯ ಮನೆ ಎಷ್ಟು ತಿಳಿಯೋ ಗುತ್ತಿ-ತಿಮ್ಮಿಯರ ಹಾದಿಯೂ ಅಷ್ಟೇ ತಿಳಿ. ಐತ-ಪೀಂಚಲು ಅವರ ಬಿಡಾರಕ್ಕೂ ಫೋಕಸ್ ಇದೆ. ಹುಲಿಯ ಎಂಬ ನಾಯಿಯೂ ಅಂಚಿನಲ್ಲಿ ಕರಗುವುದಿಲ್ಲ. ಬಾಯಿ ಕಿರಿದು ಮಾಡಿ, ಬೇಕಾದಷ್ಟು ಹೊತ್ತು ತೆರೆದಿಟ್ಟು ಬರೆದ ಕಾದಂಬರಿ ಅದು. ಅಷ್ಟು ಉದ್ದವಾಗಿರುವುದು ಸುಮ್ಮನೆ ಅಲ್ಲ.

ಹಾಗೆಂದು ಲೆನ್ಸನ್ನು ಮಾರುವ ಯೋಚನೆ ನನಗಿಲ್ಲ. ಒಬ್ಬರೇ ಹತ್ತಿರ ಬಂದು ಕೂತಾಗ, ಅವರ ಹಿಂದೆ ಗೋಡೆಯೋ ಗಿಡವೋ ಮಾತ್ರ ಇರುವಾಗ ಈ ಹಿತ್ತಾಳೆ ಕೊಡುವ ಮುಖವನ್ನು ನನ್ನ ಫೋನು ಕೊಡಲಾರದು. ತೀರಿಕೊಳ್ಳುವ ಮುಂಚೆ ನಮ್ಮ ತಾತನ ಚಿತ್ರವೊಂದನ್ನು ಹೀಗೆ ತೆಗೆದಿದ್ದೆ. ಅಲ್ಲಿ ಸುಳಿ ಯಾರನ್ನೂ ನುಂಗಿಲ್ಲ.

ಹೂವಿನ ಅಕ್ಕನ ಹತ್ತಿರ ಮತ್ತೆ ಹೋದದ್ದು ಮಾಘದಲ್ಲಿ. ಕಪ್ಪು ರಟ್ಟಿನಲ್ಲಿ ಬಿಲ್ಲೆ ಕತ್ತರಿಸಿ, ನಡುವೆ ಅರ್ಧ ಇಂಚಿನ ತೂತು ಮಾಡಿ, ಕೊಳವೆಯ ಮಧ್ಯಕ್ಕೆ ತುರುಕಿದ್ದೆ. ಬೆಳಕು ಹದಿನಾರರಲ್ಲಿ ಒಂದು ಪಾಲಾಯಿತು. ನಾನು ನೆಗೆಟಿವ್ ಆಗಿ ಬಳಸುವುದು ಪ್ರಿಂಟಿಂಗ್ ಕಾಗದವನ್ನೇ. ಫಿಲ್ಮಿಗಿಂತ ಅಗ್ಗ, ಬಚ್ಚಲಮನೆಯ ಕೆಂಪು ಬಲ್ಬಿನಲ್ಲೇ ತೊಳೆಯಬಹುದು, ಆದರೆ ಬಹಳ ನಿಧಾನ. ಕಾರ್ತಿಕದಲ್ಲಿ ಅರ್ಧ ಸೆಕೆಂಡು ಸಾಕಾಗಿದ್ದ ಬೆಳಗಿನ ಅದೇ ಬೆಳಕಿಗೆ ಈಗ ಎಂಟು ಸೆಕೆಂಡು. ಶಟರ್ ಇಲ್ಲದ್ದರಿಂದ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಬೇಕು. "ಅಕ್ಕಾ, ಎಂಟು ಎಣಿಸೋವರೆಗೂ ಎಲ್ಲರೂ ಅಲ್ಲಾಡಬೇಡಿ" ಎಂದೆ. ಪೊರಕೆಯ ಹೆಂಗಸಿಗೂ ಹೇಳಿದೆ. "ನನ್ನೂ ತೆಗೀತೀರಾ?" ಎಂದು ಕೇಳಿ, ಪೊರಕೆಯನ್ನು ಮರಕ್ಕೆ ಒರಗಿಸಿ, ಸೆರಗು ಸರಿ ಮಾಡಿಕೊಂಡು ನಿಂತರು. ಸೊಸೆ ಮಾತ್ರ, "ಏಳೂವರೆಗೆ ದೇವಸ್ಥಾನಕ್ಕೆ ಮಾಲೆ ಕೊಡಬೇಕು, ಕೈ ನಿಲ್ಲಿಸಕ್ಕಾಗಲ್ಲ ಮೇಡಂ" ಎಂದರು.

ಪ್ರಿಂಟಿನಲ್ಲಿ ಮೂವರ ಮುಖವೂ ಇದೆ. ಹೊಂಗೆ ಎಲೆಗಳು ಬರೀ ಎಲೆಗಳಾಗಿವೆ. ಈ ಕಾಗದಕ್ಕೆ ಕೆಂಪು, ಕಿತ್ತಳೆ ಕಾಣುವುದಿಲ್ಲವಾದ್ದರಿಂದ ಕುಂಕುಮ, ಕನಕಾಂಬರ ಎರಡೂ ಕಪ್ಪಾಗಿ, ಮಲ್ಲಿಗೆ ಮಾತ್ರ ಬೆಳ್ಳಗಿದೆ. ಸೊಸೆಯ ಬೆರಳುಗಳು ಇದ್ದ ಜಾಗದಲ್ಲಿ ಹೊಗೆಯಂಥ ಒಂದು ಮಸುಕು. ಇನ್‌ಸ್ಟಾಗ್ರಾಂನಲ್ಲಿ ಹಾಕಿದಾಗ ಹನ್ನೊಂದು ಜನ ಮೆಚ್ಚಿದರು. ಮೂರು ಪ್ರತಿ ಮಾಡಿ ಮೂವರಿಗೂ ಕೊಟ್ಟೆ. ಸೊಸೆ ತಮ್ಮದನ್ನು ತಿರುಗಿಸಿ ತಿರುಗಿಸಿ ನೋಡಿ, "ಕೈ ಹಾಳಾಗಿದೆಯಲ್ಲ, ಇನ್ನೊಂದ್ಸಲ ತೆಗೀರಿ. ಶನಿವಾರ ಮಧ್ಯಾಹ್ನ ಬನ್ನಿ, ಆಗ ವ್ಯಾಪಾರ ಇರಲ್ಲ" ಎಂದರು.