ನೆನೆದ ಬೇಳೆಯ ಲೆಕ್ಕ

ಕಳೆದ ವಾರ ಈ ಅಂಕಣ ಮಾತು ಕೊಟ್ಟದ್ದು ಸೊಪ್ಪಿನ ಬಗ್ಗೆ. ಒಲೆ ಹಚ್ಚದೆ, ಹಾಲು-ತುಪ್ಪ ಮುಟ್ಟದೆ, ಜಿಡ್ಡನ್ನೂ ಮಿತಿಯಲ್ಲಿಟ್ಟು ಉಣ್ಣುವವರಿಗೆ ಸೊಪ್ಪಿನಿಂದ ಎಷ್ಟು ಪ್ರೋಟೀನ್ ದಕ್ಕೀತು ಎಂಬ ಲೆಕ್ಕ ಇವತ್ತು ಬರಬೇಕಿತ್ತು. ಬರೆಯಲು ಕೂತರೆ ಅದು ಎರಡೇ ಸಾಲಿಗೆ ಮುಗಿಯಿತು. ನೂರು ಗ್ರಾಂ ಪಾಲಕ್‌ನಲ್ಲಿ ಕ್ಯಾಲೊರಿ 23, ಪ್ರೋಟೀನ್ 2.9 ಗ್ರಾಂ. ಕ್ಯಾಲೊರಿಯ ಅರ್ಧ ಪಾಲು ಪ್ರೋಟೀನ್ ಎಂದು ಹಿಗ್ಗಬಹುದು. ತಕ್ಕಡಿಗೆ ಹಾಕಿದರೆ ಮಾತ್ರ 50 ಗ್ರಾಂ ಪ್ರೋಟೀನಿಗೆ ಒಂದೂಮುಕ್ಕಾಲು ಕಿಲೊ ಸೊಪ್ಪು ಅಗಿಯಬೇಕು. ಆ ಕೆಲಸಕ್ಕೆ ಹಸುವಿಗೆ ನಾಲ್ಕು ಅರೆಯ ಹೊಟ್ಟೆ ಇದೆ, ಮನುಷ್ಯನಿಗಿಲ್ಲ.

ಹಾಗಾಗಿ ಈ ವಾರದ ಜಾಗ ಸೊಪ್ಪಿಗಲ್ಲ, ಹೆಸರುಬೇಳೆಗೆ.

ಎಂಬತ್ತು-ಹತ್ತು-ಹತ್ತರ ಪಂಗಡ ಈ ಅಂಕಣದ ಓದುಗರಿಗೆ ಹೊಸದಲ್ಲ. ಅಮೆರಿಕದ ಡಗ್ಲಸ್ ಗ್ರಹಾಂ 2006ರಲ್ಲಿ ಪುಸ್ತಕ ಬರೆದು ಹರಡಿದ ಸೂತ್ರವದು: ಕ್ಯಾಲೊರಿಯಲ್ಲಿ ಕನಿಷ್ಠ ಶೇ 80 ಹಣ್ಣು-ಸೊಪ್ಪಿನ ಪಿಷ್ಟ-ಸಕ್ಕರೆಯಿಂದ, ಪ್ರೋಟೀನ್ ಮತ್ತು ಕೊಬ್ಬು ತಲಾ ಶೇ 10ರೊಳಗೆ. ದಿನಕ್ಕೆ 2,000 ಕ್ಯಾಲೊರಿ ಎಂದುಕೊಂಡರೆ ಪ್ರೋಟೀನ್ 50 ಗ್ರಾಂ, ಕೊಬ್ಬು 22 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿ ಮಾಡಿದ್ದು ಕಿಲೊ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ 65 ಕಿಲೊದ ಗಂಡಸಿಗೆ 54 ಗ್ರಾಂ, 55 ಕಿಲೊದ ಹೆಂಗಸಿಗೆ 46 ಗ್ರಾಂ. ಕಾಗದದ ಮೇಲೆ ಎರಡೂ ಲೆಕ್ಕ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ.

ಎಲೆಯ ಮೇಲೆ ನಿಲ್ಲುವುದಿಲ್ಲ. ಬರೀ ಬಾಳೆಹಣ್ಣಿನಲ್ಲಿ 2,000 ಕ್ಯಾಲೊರಿ ತುಂಬಿಸಲು ಸಿಪ್ಪೆ ಸುಲಿದ ಹಣ್ಣು ಎರಡೂಕಾಲು ಕಿಲೊ ಬೇಕು. ಅಷ್ಟನ್ನೂ ತಿಂದರೆ ಸಿಗುವ ಪ್ರೋಟೀನ್ 25 ಗ್ರಾಂ. ಅದರಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ 1.1 ಗ್ರಾಂ, 65 ಕಿಲೊದ ದೇಹಕ್ಕೆ ಬೇಕಾದದ್ದು ಸುಮಾರು 2 ಗ್ರಾಂ. ಹೊಟ್ಟೆ ಬಿರಿಯುವಷ್ಟು ತಿಂದ ಮೇಲೂ ಅರ್ಧದಾರಿ.

ಇಲ್ಲಿ ಪಂಗಡದ ಹಳೆಯ ವಾದವೊಂದು ಎದುರು ನಿಲ್ಲುತ್ತದೆ. ತಾಯಿಯ ಹಾಲಿನಲ್ಲಿ ಪ್ರೋಟೀನಿನ ಪಾಲು ಶೇ 6ರ ಆಸುಪಾಸು. ಬೆಳೆಯುವ ಕೂಸಿಗೇ ಅಷ್ಟು ಸಾಕಾದರೆ ಬೆಳೆದು ನಿಂತವರಿಗೆ ಹೆಚ್ಚೇಕೆ? ಕೇಳಲು ಚೆಂದ. ಆದರೆ ಕೂಸು ಕಿಲೊ ತೂಕಕ್ಕೆ ದಿನಕ್ಕೆ 90 ಕ್ಯಾಲೊರಿ ಮೀರಿ ಕುಡಿಯುತ್ತದೆ, ದೊಡ್ಡವರು ಉಣ್ಣುವುದು ಕಿಲೊಗೆ 30ರಷ್ಟು. ಅದೇ ಶೇ 6 ಕೂಸಿನ ಪಾಲಿಗೆ ಕಿಲೊಗೆ 1.35 ಗ್ರಾಂ ಪ್ರೋಟೀನ್ ಆಗುತ್ತದೆ, ದೊಡ್ಡವರ ಪಾಲಿಗೆ 0.45ಕ್ಕೆ ಇಳಿಯುತ್ತದೆ. ಶೇಕಡಾವಾರು ಒಂದೇ, ಊಟ ಬೇರೆ. ಹಸಿ ಆಹಾರದ ಪರವಾಗಿ ಹೇಳಲು ಒಳ್ಳೆಯ ಮಾತುಗಳು ಬೇಕಾದಷ್ಟಿರುವಾಗ ಇಂಥ ಟೊಳ್ಳು ವಾದವನ್ನು ಹೊತ್ತು ತಿರುಗಬೇಕಿಲ್ಲ.

ಹಾಗಾದರೆ ಬೀಜ, ಬಾದಾಮಿ? ಜಿಡ್ಡಿನ ಮಿತಿ ಅಡ್ಡ ಬರುತ್ತದೆ. ಕಡಲೆಕಾಯಿಯಲ್ಲಿ ಅರ್ಧದಷ್ಟು ಎಣ್ಣೆಯೇ. 45 ಗ್ರಾಂ ಬೀಜಕ್ಕೆ ದಿನದ 22 ಗ್ರಾಂ ಕೊಬ್ಬು ಮುಗಿಯಿತು, ಸಿಕ್ಕ ಪ್ರೋಟೀನ್ 12 ಗ್ರಾಂ ಮುಟ್ಟುವುದಿಲ್ಲ. ತೆಂಗಿನಕಾಯಿ ಇನ್ನೂ ದುಬಾರಿ: 67 ಗ್ರಾಂ ಹಸಿ ತುರಿಯಲ್ಲೇ ಕೊಬ್ಬಿನ ಖಾತೆ ಖಾಲಿ, ಪ್ರೋಟೀನ್ ಎರಡು ಗ್ರಾಂ ಚಿಲ್ಲರೆ. ಕಾಯಿ ಕಾಯಿಯೇ, ಬೇಳೆಯಲ್ಲ.

ಬೇಳೆಯನ್ನಾದರೋ ಈ ಪಂಗಡದ ಕಟ್ಟಾಳುಗಳು ಎಲೆಯಿಂದಲೇ ಎತ್ತಿಟ್ಟಿದ್ದಾರೆ. ಕಾಳು ಮನುಷ್ಯನ ಸಹಜ ಆಹಾರವಲ್ಲ, ಬೇಯಿಸದೆ ತಿನ್ನಲು ಬಾರದು ಎಂಬುದು ಅವರ ತಕರಾರು. ಕೋಸಂಬರಿ ಕಂಡವರು ಈ ಮಾತು ಆಡುವುದಿಲ್ಲ. ರಾಮನವಮಿಯ ದಿನ ಪಾನಕದ ಪಕ್ಕದಲ್ಲಿ, ಮದುವೆಯ ಬಾಳೆಲೆಯಲ್ಲಿ ಪಲ್ಯದ ಜೊತೆಗೆ ತಲೆಮಾರುಗಳಿಂದ ಬಡಿಸುತ್ತಾ ಬಂದಿರುವುದು ಬೆಂಕಿ ಕಾಣದ ಬೇಳೆಯನ್ನೇ. ನೂರು ಗ್ರಾಂ ಒಣ ಹೆಸರುಬೇಳೆಯಲ್ಲಿ ಪ್ರೋಟೀನ್ 24 ಗ್ರಾಂ, ಕೊಬ್ಬು ಒಂದು ಗ್ರಾಂ ಚಿಲ್ಲರೆ, ಲೈಸಿನ್ 1.6 ಗ್ರಾಂ. ಹಣ್ಣಿನಲ್ಲಿ ಯಾವುದು ಕಡಿಮೆಯೋ ಅದೇ ಇಲ್ಲಿ ಧಾರಾಳ. ಜಿಮ್ಮಿಗೆ ಹೋಗುವ ಹುಡುಗರು ಸಾವಿರಾರು ರೂಪಾಯಿ ಕೊಟ್ಟು ತರುವ ಪುಡಿಯ ಡಬ್ಬಿಯ ಮೇಲೂ ಒಂದು ಅಳತೆಗೆ ಇಷ್ಟೇ 24 ಗ್ರಾಂ ಎಂದು ಅಚ್ಚಾಗಿರುವುದುಂಟು.

ಮಾಡುವ ಬಗೆಯಲ್ಲಿ ಅವಸರ ಕೂಡದು. ಬೇಳೆಯನ್ನು ನಾಲ್ಕು ನೀರಿನಲ್ಲಿ ತೊಳೆಯಬೇಕು. ಮೊದಲ ನೀರು ಹಾಲಿನಂತೆ ಬೆಳ್ಳಗಿರುತ್ತದೆ, ನಾಲ್ಕನೆಯದು ತಿಳಿ. ಒಂದು ಗಂಟೆ ನೆನೆದ ಬೇಳೆಯನ್ನು ಹೆಬ್ಬೆರಳ ಉಗುರಿನಿಂದ ಒತ್ತಿದರೆ ಟಕ್ಕೆಂದು ಎರಡಾಗಬೇಕು, ನಡುವೆ ಬಿಳಿಯ ಒಣಚುಕ್ಕೆ ಉಳಿದಿರಬಾರದು. ಅಷ್ಟರಲ್ಲಿ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಎರಡು ಗಂಟೆ ಮೀರಿದರೆ ಅಂಚು ಮೆತ್ತಗಾಗಿ ಹಲ್ಲಿಗೆ ಸಿಗುವ ಗರಿ ಹೋಗುತ್ತದೆ. ಜಾಲರಿಯಲ್ಲಿ ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಜಜ್ಜಿದ ಶುಂಠಿ, ಹಸಿಮೆಣಸು, ಕೊತ್ತಂಬರಿ, ಕಾಲದಲ್ಲಿ ಮಾವಿನಕಾಯಿ ತುರಿ. ತೆಂಗಿನ ತುರಿ ಎರಡು ಚಮಚ, ಹೆಚ್ಚಲ್ಲ. ಒಗ್ಗರಣೆ ಇಲ್ಲಿ ಬಿಟ್ಟುಹೋಗುತ್ತದೆ. ಸಾಸಿವೆ-ಇಂಗಿನ ಜಾಗವನ್ನು ಶುಂಠಿ ತುಂಬುತ್ತದೆ. ಉಪ್ಪು, ನಿಂಬೆರಸ ಎಲೆಗೆ ಬಡಿಸುವ ಮುನ್ನ. ಮೊದಲೇ ಉಪ್ಪು ಹಾಕಿದರೆ ಸೌತೆ ನೀರು ಬಿಟ್ಟು ಬಟ್ಟಲು ಕೆರೆಯಾಗುತ್ತದೆ.

ಈಗ ದಿನದ ಲೆಕ್ಕ. ಸುಲಿದ ಬಾಳೆಹಣ್ಣು ಒಂದು ಕಿಲೊ, ಪರಂಗಿ ಅರ್ಧ ಕಿಲೊ, ಖರ್ಜೂರ ನೂರು ಗ್ರಾಂ. ಸೌತೆ-ಟೊಮೆಟೊ ಸೇರಿ ಅರ್ಧ ಕಿಲೊ, ಸೊಪ್ಪು ಇನ್ನೂರು ಗ್ರಾಂ, ಎಳೆಯ ಹಸಿ ಬಟಾಣಿ ನೂರೈವತ್ತು ಗ್ರಾಂ. ಎರಡು ಹೊತ್ತಿಗೆ ಹಂಚಿದ ಕೋಸಂಬರಿಗೆ ಒಣ ತೂಕದ ಬೇಳೆ 75 ಗ್ರಾಂ, ಮೇಲೆ ಬಾದಾಮಿ 20 ಗ್ರಾಂ. ಕೂಡಿದರೆ 2,000 ಕ್ಯಾಲೊರಿಯ ಆಸುಪಾಸು, ಪ್ರೋಟೀನ್ 55 ಗ್ರಾಂ, ಕೊಬ್ಬು 22ರೊಳಗೆ. ಇದೇ ಪಟ್ಟಿಯಿಂದ ಬೇಳೆ, ಬಟಾಣಿ ತೆಗೆದು ಆ ಜಾಗಕ್ಕೆ ಹಣ್ಣು ತುಂಬಿದರೆ ಪ್ರೋಟೀನ್ 35ಕ್ಕೆ ಕುಸಿಯುತ್ತದೆ. ವಾದ ಇಷ್ಟೇ.

ಮೊಳಕೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ: ಕಾಳು ಮೊಳೆತರೆ ಪ್ರೋಟೀನ್ ದುಪ್ಪಟ್ಟಾಗುತ್ತದಂತೆ. ಉಬ್ಬುವುದು ನೀರು. ಉದ್ದ ಬಾಲ ಬಿಟ್ಟ ಹೆಸರು ಮೊಳಕೆಯಲ್ಲಿ ಶೇ 90 ನೀರೇ ಇದ್ದು, ನೂರು ಗ್ರಾಮಿಗೆ ಪ್ರೋಟೀನ್ ಮೂರೇ ಗ್ರಾಂ. ಒಂದು ಹಿಡಿ ಕಾಳಿನಲ್ಲಿದ್ದದ್ದೇ ಮೊಳಕೆಯಲ್ಲೂ ಇರುತ್ತದೆ. ಮೊಳಕೆಯ ನಿಜವಾದ ಲಾಭ ಬೇರೆ: ಖನಿಜಗಳನ್ನು ಹಿಡಿದಿಡುವ ಫೈಟಿಕ್ ಆಮ್ಲ ತಗ್ಗುತ್ತದೆ, ಹೊಟ್ಟೆಯುಬ್ಬರ ತರುವ ಸಕ್ಕರೆಗಳು ಕರಗುತ್ತವೆ, ಒಣಕಾಳಿನಲ್ಲಿ ಇಲ್ಲದಂತಿದ್ದ ಸಿ ವಿಟಮಿನ್ ಹುಟ್ಟುತ್ತದೆ.

ಎಚ್ಚರವೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ಇ-ಕೊಲೈ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಸತ್ತರು, ಮೂರು ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಬೆಚ್ಚಗಿನ ಒದ್ದೆ ಬಟ್ಟೆ ಕಾಳಿಗೆಷ್ಟು ಹಿತವೋ ರೋಗಾಣುವಿಗೂ ಅಷ್ಟೇ ಹಿತ. ಲೋಳೆ, ಹುಳಿವಾಸನೆ ಕಂಡ ಮೊಳಕೆ ಗೊಬ್ಬರದ ಗುಂಡಿಗೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಎದ್ದವರು ಹಸಿ ಮೊಳಕೆಯ ಗೊಡವೆಗೇ ಹೋಗಬಾರದು. ಎಲ್ಲ ಕಾಳೂ ಹೆಸರಲ್ಲ ಎಂಬುದೂ ನೆನಪಿರಬೇಕು. ರಾಜ್ಮಾ ಹಸಿಯಾಗಿ ವಿಷ, ನಾಲ್ಕೈದು ಕಾಳೇ ವಾಂತಿ-ಭೇದಿಗೆ ಸಾಕು. ಸೋಯಾ, ಹುರುಳಿಯಲ್ಲಿ ಪ್ರೋಟೀನ್ ಅರಗಲು ತಡೆಯೊಡ್ಡುವ ಅಂಶ ಜಾಸ್ತಿ. ಇನ್ನು ಬಿ12: ಈ ಊಟದಲ್ಲಿ ಅದು ಎಲ್ಲೂ ಇಲ್ಲ, ಮಾತ್ರೆಯೇ ಗತಿ.

ಬೇಕಾದ ಪ್ರೋಟೀನ್ ಎಷ್ಟು ಎಂಬ ಪ್ರಶ್ನೆಗೆ ಈ ಅಂಕಣ ಮತ್ತೆ ಮತ್ತೆ ತೆರೆಯುವ ಪುಸ್ತಕ ಒಂದೇ: ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಸೆಲ್ ಚಿಟೆಂಡನ್ 1904ರಲ್ಲಿ ಪ್ರಕಟಿಸಿದ ಆಹಾರ ಮಿತವ್ಯಯದ ಗ್ರಂಥ. ಆಗ ಯುರೋಪಿನಲ್ಲೆಲ್ಲ ನಡೆಯುತ್ತಿದ್ದದ್ದು ಜರ್ಮನಿಯ ಕಾರ್ಲ್ ಫಾನ್ ಫಾಯ್ಟ್ ಹಾಕಿಕೊಟ್ಟ ಅಳತೆ, ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ. ಚಿಟೆಂಡನ್ ಮೊದಲು ತನ್ನ ಮೇಲೆಯೇ ಪ್ರಯೋಗಕ್ಕೆ ಇಳಿದ. 1902ರ ನವೆಂಬರಿನಿಂದ ಊಟ ತಗ್ಗಿಸುತ್ತಾ ಹೋಗಿ 40 ಗ್ರಾಮಿನೊಳಗೆ ನಿಂತ. 65 ಕಿಲೊ ಇದ್ದ ತೂಕ 58ರ ಹತ್ತಿರಕ್ಕೆ ಇಳಿದು ಅಲ್ಲೇ ನಿಂತಿತು, ಕಾಡುತ್ತಿದ್ದ ಮಂಡಿನೋವು ಮಾಯವಾಯಿತು. ಆಮೇಲೆ ಸಹೋದ್ಯೋಗಿಗಳು, ಸೇನೆಯ ಆಸ್ಪತ್ರೆ ದಳದ ಹದಿಮೂರು ಸಿಪಾಯಿಗಳು, ಎಂಟು ಮಂದಿ ಆಟಗಾರ ವಿದ್ಯಾರ್ಥಿಗಳು. ತಿಂಗಳುಗಟ್ಟಲೆ ಪ್ರತಿಯೊಬ್ಬನ ದಿನದ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ಅದರ ನೈಟ್ರೋಜನ್ ಅಳೆದರು. ಪ್ರೋಟೀನಿನಲ್ಲಿ ನೈಟ್ರೋಜನ್ ಶೇ 16, ಅಳೆದದ್ದನ್ನು 6.25ರಿಂದ ಗುಣಿಸಿದರೆ ದೇಹ ಎಷ್ಟು ಪ್ರೋಟೀನ್ ಖರ್ಚು ಮಾಡಿತೆಂದು ಗೊತ್ತಾಗುತ್ತದೆ, ಬಾಯಿಮಾತಿನ ವರದಿಗೆ ಅಲ್ಲಿ ಜಾಗವಿಲ್ಲ. ಸಿಪಾಯಿಗಳು ಫಾಯ್ಟ್ ಹೇಳಿದ್ದರ ಅರ್ಧದಷ್ಟು ಪ್ರೋಟೀನಿನಲ್ಲಿ ಆರು ತಿಂಗಳು ಕಸರತ್ತು ಮಾಡಿದರು, ತೋಳು-ಬೆನ್ನಿನ ಬಲ ಏರಿತು. ಆಟಗಾರರಲ್ಲೂ ಅದೇ ಕಥೆ.

ಆ ಊಟ ಬೇಯಿಸಿದ್ದೇ, ಅದರಲ್ಲಿ ಮಾಂಸವೂ ಅಲ್ಪಸ್ವಲ್ಪ ಇತ್ತು. ಅದನ್ನು ಮುಚ್ಚಿಟ್ಟು ಹಸಿ ಆಹಾರದ ಸಾಕ್ಷಿಯೆಂದು ತೋರಿಸುವುದು ನ್ಯಾಯವಲ್ಲ. ಆದರೂ ಪುಸ್ತಕ ಪ್ರಿಯವಾಗುವುದು ಊಟವನ್ನು ಅಳೆದು, ತೂಗಿ, ಆಮೇಲೆ ಮಾತಾಡುವ ಅದರ ಶಿಸ್ತಿಗೆ. ಹಸಿ ಆಹಾರದವರು ಮೊದಲು ಅಳೆಯಬೇಕಾದದ್ದು ಪ್ರೋಟೀನನ್ನೂ ಅಲ್ಲ, ಒಟ್ಟು ಕ್ಯಾಲೊರಿಯನ್ನು. ಹೊಟ್ಟೆಗೆ ಸಾಲದಿದ್ದರೆ ದೇಹ ತಿಂದ ಪ್ರೋಟೀನನ್ನೇ ಸೌದೆ ಮಾಡಿಕೊಂಡು ಉರಿಸುತ್ತದೆ. 1999ರಲ್ಲಿ ಜರ್ಮನಿಯ ಗೀಸನ್‌ನ ಸಂಶೋಧಕರು ಐನೂರಕ್ಕೂ ಹೆಚ್ಚು ಹಸಿ ಆಹಾರಿಗಳ ವಿವರ ಪ್ರಕಟಿಸಿದರು. ಗಂಡಸರ ತೂಕ ಸರಾಸರಿ 10 ಕಿಲೊ, ಹೆಂಗಸರದು 12 ಕಿಲೊ ಇಳಿದಿತ್ತು. 45 ದಾಟದ ಹೆಂಗಸರಲ್ಲಿ ಶೇ 30ರಷ್ಟು ಮಂದಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೇ ನಿಂತೇ ಹೋಗಿತ್ತು. ಒಂದು ಬಟ್ಟಲು ಕಲ್ಲಂಗಡಿ ತಿಂದು ಊಟವಾಯಿತೆನ್ನುವ ಹೆಣ್ಣುಮಕ್ಕಳು ಈ ಅಂಕಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕು.

ಹೊಟ್ಟೆ ತುಂಬುವ ಊಟಕ್ಕೆ ಹಸಿ ಸೊಪ್ಪು, ಕಾಳು ಸೇರಿಸುವುದರಲ್ಲಿ ಉತ್ತರ ಕರ್ನಾಟಕದ ತಟ್ಟೆ ಎಷ್ಟೋ ಮುಂದಿದೆ. ರೊಟ್ಟಿ ಬೆಂಕಿ ಕಂಡದ್ದೇ, ಆದರೆ ಅದರ ಮಗ್ಗುಲಲ್ಲಿ ಹಕ್ಕರಿಕೆ, ಮೆಂತ್ಯ, ಮೂಲಂಗಿ ಸೊಪ್ಪು ಹಸಿಯಾಗೇ ಬರುತ್ತವೆ, ಮೊಳೆತ ಮಡಿಕೆ ಕಾಳು ಬರುತ್ತದೆ. ಚಳಿಗಾಲದಲ್ಲಿ ಸುಲಗಾಯಿ. ಕಡಲೆ ಹೊಲದ ಬದುವಿನಲ್ಲಿ ನಿಂತು ಗಿಡ ಕಿತ್ತು, ಹಸಿರು ಬುರುಡೆ ಒಡೆದು ಎಳೆಗಾಳು ಬಾಯಿಗೆ ಹಾಕಿಕೊಂಡರೆ ಮೊದಲು ತಾಗುವುದು ಹುಳಿ, ಆಮೇಲೆ ಹಾಲುಸಿಹಿ. ಆ ಹುಳಿ ಗಿಡವೇ ಬೆವರುವಂಥದ್ದು. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಗಿನ ಜಾವ ಇಬ್ಬನಿಯ ಜೊತೆಗೆ ಅದನ್ನು ಹಿಂಡಿ ಕಡಲೆ ಹುಳಿ ಇಳಿಸುತ್ತಿದ್ದ ಮನೆಗಳಿದ್ದವು. ನಿಂಬೆಹಣ್ಣಿನ ಬದಲು ಕೋಸಂಬರಿಗೆ ಅದರ ನಾಲ್ಕು ಹನಿ ಹಾಕಿದರೆ ರುಚಿ ಬೇರೆಯೇ ಆಗುತ್ತದೆ.