ಚೀಟಿ ಹಿಡಿದು ಚಿಕ್ಕಪೇಟೆ

ದೊಡ್ಡಮ್ಮನ ಚೀಟಿಯಲ್ಲಿ 23 ಸಾಲುಗಳಿದ್ದವು. ಧಾರೆ ಸೀರೆ ಒಂದು, ಬೀಗಿತ್ತಿಗೆ ಒಂದು, ಸೋದರತ್ತೆಯರಿಗೆ ಎರಡು, ಮುಯ್ಯಿಗೆ ಬ್ಲೌಸ್ ಪೀಸು 25, ಪಂಚೆ ಶಲ್ಯ ಮೂರು ಜೊತೆ, ಬಳೆ, ಬಾಸಿಂಗ. ಹೀಗೆ ಇಳಿಯುತ್ತಾ ಬಂದು ಕೊನೆಯಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ, ‘ಕಾರ್ಡು’ ಅಂತಿತ್ತು. ಬಾಗೂರಿನಿಂದ ಹೊಸದುರ್ಗಕ್ಕೆ ಬಂದು, ಅಲ್ಲಿಂದ ನಸುಕಿನ ಬಸ್ಸು ಹಿಡಿದು ದೊಡ್ಡಮ್ಮ, ಚಿಕ್ಕಪ್ಪ ಮತ್ತು ಮದುವೆಯಾಗಲಿರುವ ಅಕ್ಕ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಹನ್ನೊಂದರ ಹತ್ತಿರ. ನಾನು ಹಾಸ್ಟೆಲಿನಿಂದ ಹೋಗಿ ಸೇರಿಕೊಂಡೆ. ಬೆಂಗಳೂರಲ್ಲಿ ಓದುವವಳು ಎಂಬ ಕಾರಣಕ್ಕೆ ದಾರಿ ತೋರಿಸುವ ಕೆಲಸ ನನ್ನದು. ನಿಜ ಹೇಳಬೇಕೆಂದರೆ ಚಿಕ್ಕಪೇಟೆಯ ದಾರಿ ನನಗಿಂತ ದೊಡ್ಡಮ್ಮನಿಗೇ ಚೆನ್ನಾಗಿ ಗೊತ್ತಿತ್ತು. ಮನೆಯ ನಾಲ್ಕು ಮದುವೆಗಳ ಜವಳಿಯನ್ನು ಅವಳು ಅಲ್ಲೇ ತೆಗೆದಿದ್ದಳು.

ಅದರ ಹಿಂದಿನ ವಾರವಷ್ಟೇ ನನ್ನ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮಾರ್ಗದರ್ಶಕರ ಕೈಗಿಟ್ಟಿದ್ದೆ. ಕನ್ನಡ ಬರಹದಲ್ಲಿ ನಗರದ ನಡಿಗೆ ಅದರ ವಿಷಯ. ಇಂಥ ಅಧ್ಯಾಯ ಬರೆಯುವ ಎಲ್ಲರ ಹಾಗೆ ನಾನೂ ವಾಲ್ಟರ್ ಬೆಂಜಮಿನ್‌ನಿಂದ ಶುರುಮಾಡಿದ್ದೆ. ಪ್ಯಾರಿಸ್ಸಿನ ಗಾಜಿನ ಮಾಡಿನ ಅಂಗಡಿ ಓಣಿಗಳ ಬಗ್ಗೆ ಅವನು 1927ರಿಂದ ಸಾಯುವವರೆಗೆ ಟಿಪ್ಪಣಿ ಮಾಡುತ್ತಲೇ ಇದ್ದ. ಆ ಓಣಿಗಳಲ್ಲಿ ಆತುರವಿಲ್ಲದೆ, ಕೆಲಸವಿಲ್ಲದೆ, ಏನನ್ನೂ ಕೊಳ್ಳದೆ ಗುಂಪಿನ ನಡುವೆ ಒಬ್ಬನೇ ಸುತ್ತುವ ‘ಫ್ಲಾನ್ಯೂರ್’ ನಮ್ಮ ವಿಮರ್ಶೆಗೆ ಬಹಳ ಅನುಕೂಲದ ಮನುಷ್ಯ. ಅವನನ್ನು ಎತ್ತಿ ಎಲ್ಲಿ ಇಟ್ಟರೂ ಕೂರುತ್ತಾನೆ. ನಾನು ಅವನನ್ನು ಗಾಂಧಿಬಜಾರಿನಲ್ಲಿ ಇಟ್ಟಿದ್ದೆ, ಯಶವಂತ ಚಿತ್ತಾಲರ ‘ಶಿಕಾರಿ’ಯ ಮುಂಬಯಿಯಲ್ಲಿ ಇಟ್ಟಿದ್ದೆ. ನಿರುದ್ದೇಶವಾಗಿ ನಡೆಯುವುದೇ ನಗರವನ್ನು ನೋಡುವ ಶುದ್ಧ ಬಗೆ ಎಂದು ಬರೆದು, ಅಡಿಗೆರೆ ಬೇರೆ ಹಾಕಿದ್ದೆ.

ಗಾಂಧಿಬಜಾರಿನಿಂದಲೇ ಶುರುಮಾಡೋಣ. ನಿಸಾರ್ ಅಹಮದರ ಮೊದಲ ಸಂಕಲನ ‘ಮನಸು ಗಾಂಧಿ ಬಜಾರು’ ಬಂದದ್ದು 1960ರಲ್ಲಿ. ಆ ಹೆಸರೊಂದೇ ಒಂದು ತಿರುವು. ಅಲ್ಲಿ ಬಜಾರು ಹೊರಗಿನ ಜಾಗವಾಗಿ ಉಳಿಯದೆ ಒಳಗಿನ ಗೊಂದಲಕ್ಕೆ ರೂಪಕವಾಯಿತು. ಜೊತೆಗೆ ಆ ಬೀದಿಗೆ ಒಂದು ಸಾಹಿತ್ಯಕ ಪುರಾಣವೇ ಇದೆ: ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುವ ಮಾಸ್ತಿ, 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನ, ಅಲ್ಲಿ ಕಾಫಿಯ ಮುಂದೆ ಕೂತ ಸಾಹಿತಿಗಳು. ಈ ಪುರಾಣವನ್ನು ನಾನೂ ಪ್ರೀತಿಯಿಂದಲೇ ಓದಿದವಳು. ಆದರೆ ಇದರಲ್ಲಿ ಹೂವು, ಹಣ್ಣು, ಗ್ರಂಥಿಗೆ ಸಾಮಾನು ಕೊಳ್ಳಲು ಬಂದವರು ಎಲ್ಲಿದ್ದಾರೆ? ಇದ್ದಾರೆ, ಹಿನ್ನೆಲೆಯಲ್ಲಿ. ಕವಿ ನೋಡುವ ಗುಂಪು ಅವರು. ಗುಂಪಿನೊಳಗಿನಿಂದ ಕವಿ ಹೇಗೆ ಕಾಣುತ್ತಿದ್ದ ಎಂದು ಯಾರೂ ಬರೆದಿಟ್ಟಿಲ್ಲ. ದೊಡ್ಡಮ್ಮನನ್ನು ಕೇಳಿದರೆ ‘ದಾರಿಗಡ್ಡ ನಿಂತಿದ್ದ’ ಅಂದಾಳು.

ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಮೆಟ್ರೊ ಬಂದು, 2017ರಿಂದ, ವರ್ಷಗಳಾದವು. ದೊಡ್ಡಮ್ಮ ಒಪ್ಪಲಿಲ್ಲ. ‘ಎರಡು ಹೆಜ್ಜೆಗೆ ನೆಲದೊಳಗೆ ಇಳಿಯಾದು ಹತ್ತಾದು ಯಾಕೆ’ ಎಂದು ನಡೆಸಿಕೊಂಡೇ ಹೊರಟಳು. ಉಪ್ಪಾರಪೇಟೆ ದಾಟಿ ಬಳೇಪೇಟೆ ಹೊಕ್ಕೆವು. ಪೇಟೆಯ ಹೆಸರಿನಲ್ಲಿ ಬಳೆ ಇದೆ, ಚೀಟಿಯಲ್ಲೂ ಬಳೆ ಇತ್ತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಗಾಣಿಗರಪೇಟೆ. ಕೆಂಪೇಗೌಡರು 1537ರ ಹೊತ್ತಿಗೆ ಕಟ್ಟಿದ ಊರಿನ ನಕ್ಷೆ ಅಂದರೆ ಒಂದು ಸಾಮಾನಿನ ಚೀಟಿಯೇ ಎಂದು ನನಗೆ ಆವತ್ತು ಮೊದಲ ಬಾರಿಗೆ ಹೊಳೆಯಿತು. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿ ಬೀದಿಗಳ ಗೆರೆ ಎಳೆದರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಈ ಬೀದಿಗಳು ಯಾರದೋ ಅಲೆದಾಟಕ್ಕೆಂದು ಹುಟ್ಟಿದವಲ್ಲ. ಏನು ಬೇಕು ಎಂದು ಗೊತ್ತಿದ್ದು ಬರುವವರಿಗಾಗಿ ಹುಟ್ಟಿದವು.

ಇನ್ನೊಂದು ಮಾತು. ‘ಪೇಟೆ’ ಅಂದರೆ ಕನ್ನಡದಲ್ಲಿ ಮಾರುಕಟ್ಟೆಯೂ ಹೌದು, ನಗರವೂ ಹೌದು. ನಮ್ಮೂರಲ್ಲಿ ‘ಪ್ಯಾಟೆಗೆ ಹೋಗಿ ಬರ್ತೀನಿ’ ಅಂದರೆ ಹೊಸದುರ್ಗಕ್ಕೆ ಹೋಗುವುದೂ ಆಗುತ್ತದೆ, ಸಾಮಾನು ತರುವುದೂ ಆಗುತ್ತದೆ. ಒಂದರಿಂದ ಇನ್ನೊಂದನ್ನು ಭಾಷೆ ಬೇರೆ ಮಾಡುವುದಿಲ್ಲ. ಬೇರೆ ಮಾಡಿದ್ದು ನಾವು, ವಿಮರ್ಶೆ ಬರೆಯುವವರು. ಕೊಳ್ಳುವವನು ಸಂಸಾರಿ, ಸುಮ್ಮನೆ ನೋಡುವವನು ಕಲಾವಿದ ಎಂದು.

ಹಾಗೆ ಬೇರೆ ಮಾಡಿದಾಗ ಯಾರು ಹೊರಗೆ ಉಳಿಯುತ್ತಾರೆ ಎಂಬುದಕ್ಕೂ ಭಾಷೆಯಲ್ಲೇ ಸಾಕ್ಷಿ ಇದೆ. ಫ್ಲಾನ್ಯೂರ್ ಪದಕ್ಕೆ ಕನ್ನಡದಲ್ಲಿ ನೇರವಾಗಿ ಏನನ್ನಬೇಕು? ಬೀದಿ ಸುತ್ತುವವನು. ಸರಿ, ಸ್ವಲ್ಪ ಪೋಲಿ ವಾಸನೆ ಇದ್ದರೂ ನಡೆಯುತ್ತದೆ. ಅದನ್ನೇ ಸ್ತ್ರೀಲಿಂಗ ಮಾಡಿ ನೋಡಿ. ‘ಬೀದಿ ಸುತ್ತುವವಳು’ ಅನ್ನುವುದನ್ನು ನಾನು ನನ್ನ ಅಧ್ಯಾಯದಲ್ಲಿ ಬರೆಯಬಹುದು, ಬಾಗೂರಿನ ಚನ್ನಕೇಶವನ ಗುಡಿ ಮುಂದೆ ನಿಂತು ಹೇಳಲಾರೆ. ಹೆಂಗಸಿಗೆ ಬೀದಿಯಲ್ಲಿ ನಡೆಯಲು ಒಂದು ನೆಪ ಬೇಕು, ಆ ನೆಪದ ಹೆಸರು ಚೀಟಿ. ವರ್ಜೀನಿಯಾ ವುಲ್ಫ್ 1927ರಲ್ಲಿ ಬರೆದ ಲಂಡನ್ನಿನ ಸಂಜೆ ನಡಿಗೆಯ ಪ್ರಬಂಧವನ್ನು ನಾನು ಎಂಎ ತರಗತಿಯಿಂದ ಓದುತ್ತಿದ್ದೇನೆ. ಅವಳೂ ಮನೆಯಿಂದ ಹೊರಡುವುದು ಒಂದು ಪೆನ್ಸಿಲ್ ಕೊಳ್ಳುವ ನೆಪದಲ್ಲಿ. ಅದನ್ನು ಬರಿಯ ತುಂಟತನ ಎಂದುಕೊಂಡಿದ್ದೆ. ಚಿಕ್ಕಪೇಟೆಯಲ್ಲಿ ದೊಡ್ಡಮ್ಮನ ಹಿಂದೆ ಚೀಲ ಹೊತ್ತು ನಡೆಯುವಾಗ ಆ ಪೆನ್ಸಿಲ್ಲು ತಮಾಷೆಯಾಗಿ ಕಾಣಲಿಲ್ಲ.

ಸೀರೆ ಅಂಗಡಿಯಲ್ಲಿ ನಾವು ಎರಡು ಗಂಟೆ ಕೂತೆವು. ಬಿಳಿ ಹಾಸಿನ ಗಾದಿ. ಒಂದರ ಮೇಲೊಂದು ಸೀರೆ ಬಿಚ್ಚಿ ಬೀಳುತ್ತಿದ್ದವು. ಧಾರೆ ಸೀರೆ ಮುಕ್ಕಾಲು ಗಂಟೆಯಲ್ಲೇ ಆಯ್ಕೆಯಾಗಿತ್ತು. ಆದರೂ ದೊಡ್ಡಮ್ಮ ‘ಇನ್ನೊಂದು ತಗಿ, ಮತ್ತೊಂದು ತೋರ್ಸಪ್ಪ’ ಅನ್ನುತ್ತಲೇ ಇದ್ದಳು. ನನಗೆ ಅಧ್ಯಾಯದ ನೆನಪಾಗಿ ಒಳಗೊಳಗೇ ಖುಷಿ: ಇಗೋ, ಇವಳೂ ಕೊಳ್ಳದೆ ನೋಡುವ ಸುಖದಲ್ಲಿ ಇದ್ದಾಳೆ. ಹೊರಗೆ ಬಂದ ಮೇಲೆ ಅಕ್ಕ ನಿಜ ಹೇಳಿದಳು. ದೊಡ್ಡಮ್ಮನ ಮಂಡಿ ಊದಿಕೊಂಡಿತ್ತು. ಮತ್ತೆ ಈ ಪೇಟೆಯಲ್ಲಿ ಕೊಳ್ಳದವರಿಗೆ ಕೂರಲು ಜಾಗವಿಲ್ಲ, ಹೆಂಗಸರಿಗೆ ಶೌಚಾಲಯವಿರುವ ಅಂಗಡಿ ಯಾವುದೆಂದು ಗೊತ್ತಿದ್ದೇ ಅವಳು ಅಲ್ಲಿ ಹೊಕ್ಕದ್ದು. ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟವಳು. ಬಸ್ಸಿನಲ್ಲಿ ನೀರು ಕುಡಿದಿರಲಿಲ್ಲ.

ನಾನು ಓದಿದ ನಗರ ನಡಿಗೆಯ ಯಾವ ಬರಹದಲ್ಲೂ ಯಾರಿಗೂ ಮೂತ್ರಕ್ಕೆ ಅವಸರವಾದದ್ದು ನೆನಪಿಲ್ಲ. ಕೂರಲು ಜಾಗವಿಲ್ಲ ಎಂಬುದು ಮಾತ್ರ ಒಂದು ಕಡೆ ಬರುತ್ತದೆ, ಬಹಳ ದೊಡ್ಡದಾಗಿ. ಮಾಗಡಿ ಕಡೆಯಿಂದ ಬಂದು ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಸ್ಮಶಾನದಲ್ಲಿ ಕೂತು ಓದಿದ್ದನ್ನು ಹೇಳುತ್ತಾರೆ. ನಾವು ಅದನ್ನು ಅವರ ವಿಲಕ್ಷಣ ಸ್ವಭಾವದ, ಹಾಸ್ಯದ ಮಾತಾಗಿ ಉಲ್ಲೇಖಿಸಿ ನಗುತ್ತೇವೆ. ಅದು ನಗರದಲ್ಲಿ ಒಬ್ಬ ಬಡ ಹುಡುಗನಿಗೆ ದುಡ್ಡು ಕೊಡದೆ ಕೂರಲು ಸಿಕ್ಕ ಜಾಗದ ಲೆಕ್ಕ ಕೂಡ. ನನ್ನ ಅಧ್ಯಾಯದಲ್ಲಿ ‘ಊರುಕೇರಿ’ ಇರಲೇ ಇಲ್ಲ. ಅದನ್ನು ‘ದಲಿತ ಆತ್ಮಕಥನ’ ಎಂಬ ಬೇರೆ ಅಧ್ಯಾಯಕ್ಕೆ ಕಳಿಸಿದ್ದೆ. ನಗರದ ಅಧ್ಯಾಯದಲ್ಲಿ ನಗರಕ್ಕೆ ಒಗ್ಗಿ ಬೇಸರಪಟ್ಟವರಷ್ಟೇ ಇದ್ದರು.

ಇದು ಸಾಹಿತ್ಯದವರ ತಪ್ಪು ಮಾತ್ರವಲ್ಲ ಎನ್ನುವುದಕ್ಕೆ ಒಂದು ಸಣ್ಣ ಉದಾಹರಣೆ. ಇದೇ ಊರಿನ ಚರ್ಚ್ ಸ್ಟ್ರೀಟಿಗೆ 2018ರ ಹೊತ್ತಿಗೆ ಕಲ್ಲು ಹಾಸಿ ಅಂದ ಮಾಡಲಾಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಅಲ್ಲಿ ವಾಹನಗಳನ್ನೂ ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಟ್ಟರು. ಒಳ್ಳೆಯದೇ, ನಾನೂ ಹೋಗಿ ನಡೆದಿದ್ದೇನೆ. ಆದರೆ ‘ಕಾಲ್ನಡಿಗೆಯವರು’ ಅಂದಾಗ ಊರಿನ ಕಣ್ಣಿಗೆ ಮೊದಲು ಬಂದದ್ದು ಸಂಜೆ ಕಾಫಿಗೆ ಬರುವ ನನ್ನಂಥವರು. ತಲೆಯ ಮೇಲೆ ಜವಳಿ ಮೂಟೆ ಹೊತ್ತು ‘ಸೈಡು, ಸೈಡು’ ಎಂದು ಕೂಗುತ್ತಾ ಅವೆನ್ಯೂ ರಸ್ತೆಯ ದ್ವಿಚಕ್ರ ವಾಹನಗಳ ನಡುವೆ ತೂರುವ ಹಮಾಲರು ದಿನಕ್ಕೆ ನೂರು ಸಲ ನಡೆದರೂ ಆ ಪಟ್ಟಿಯಲ್ಲಿ ಇದ್ದಂತಿಲ್ಲ. ಕವಿಯೂ ಯೋಜನೆ ಮಾಡುವವರೂ ನಡೆಯುವವನೆಂದರೆ ಬಿಡುವಿದ್ದವನು ಎಂದೇ ತಿಳಿದಿದ್ದಾರೆ.

ಹಾಗಂತ ಕನ್ನಡದಲ್ಲಿ ಚೀಟಿಯ ಕಥೆಗಳೇ ಇಲ್ಲವೇ? ಇವೆ, ನಾವು ಓದಿದ್ದು ಬೇರೆ ತರಹ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. ನಾನು ಅದರಲ್ಲಿ ಕಾಫಿ ಹೌಸಿನಲ್ಲಿ ಕೂತ ನಿರೂಪಕನನ್ನು ಹಿಡಿದು ನಾಲ್ಕು ಪುಟ ಬರೆದಿದ್ದೆ. ಆದರೆ ಆ ಕಿರುಕಾದಂಬರಿಯ ಜೀವ ಇರುವುದು ಹಳೆಯ ಸಣ್ಣ ಮನೆಯಲ್ಲಿ, ಸೇಲ್ಸ್‌ಮನ್ ಅಪ್ಪ ಸಂಜೆ ಕೂತು ಲೆಕ್ಕ ತಾಳೆ ಹಾಕುವ ಹೊತ್ತಿನಲ್ಲಿ. ಒಂದು ವಸ್ತು ಮನೆಗೆ ಬರಬೇಕಾದರೆ ಮನೆಯವರೆಲ್ಲ ಮಾತಾಡಬೇಕಿದ್ದ ಕಾಲ ಅದು. ದುಡ್ಡು ಬಂದ ಮೇಲೆ ಮಾತೂ ಹೋಗುತ್ತದೆ. ಚಿಕ್ಕಪೇಟೆಯ ಗಾದಿಯ ಮೇಲೆ ನಾಲ್ಕು ಜನ ಒಂದು ಅಂಚಿನ ಬಗ್ಗೆ ಜಗಳವಾಡುವುದನ್ನು ನೋಡಿದ ಮೇಲೆ ನನಗೆ ಶಾನಭಾಗರ ಕೃತಿ ಹೊಸದಾಗಿ ತೆರೆದುಕೊಂಡಿತು. ಅದು ಸಂಪತ್ತಿನ ಕಥೆ ಎಂದಿದ್ದೆ. ಈಗ, ಚೀಟಿ ಬರೆಯುವುದನ್ನು ಬಿಟ್ಟ ಮನೆಯ ಕಥೆ ಅನ್ನಿಸುತ್ತದೆ.

ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಇನ್ನೂ ಹತ್ತಿರದ್ದು. ಅದರ ಹೆಸರನ್ನೇ ಹೊತ್ತ ಇಂಗ್ಲಿಷ್ ಸಂಕಲನಕ್ಕೆ, ತೇಜಸ್ವಿನಿ ನಿರಂಜನರ ಅನುವಾದದಲ್ಲಿ, 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಹಿಂದುಮುಂದಿಲ್ಲದ ಪೋಪಟ್, ಅವನ ಜೊತೆಗಾತಿ ಅಸಾವರಿ, ಅವರ ಮದುವೆ ಕಾರ್ಡು. ಅದರಲ್ಲಿ ಹೆಸರು ಹೇಗೆ ಅಚ್ಚಾಗಬೇಕು ಎಂಬ ಪೇಚೇ ಕಥೆ. ಅದನ್ನು ‘ಅಸ್ಮಿತೆಯ ಪ್ರಶ್ನೆ’ ಎಂದು ಎರಡು ಸಾಲಿನಲ್ಲಿ ಮುಗಿಸಿದ್ದೆ. ಆದರೆ ಸುಲ್ತಾನಪೇಟೆಯ ಕಾರ್ಡಿನ ಅಂಗಡಿಯಲ್ಲಿ ನಮಗೂ ಅದೇ ಆಯಿತು. ತೀರಿಹೋದ ದೊಡ್ಡಪ್ಪನ ಹೆಸರಿನ ಹಿಂದೆ ‘ದಿವಂಗತ’ ಸೇರಿಸಿದರೆ, ಕರೆಯುವವರ ಜಾಗದಲ್ಲಿ ದೊಡ್ಡಮ್ಮನ ಹೆಸರು ಒಂದೇ ಬರಬಹುದೇ? ಚಿಕ್ಕಪ್ಪ ‘ನನ್ನ ಹೆಸರು ಮೇಲೆ ಹಾಕ್ಸಿದ್ರೆ ಲಕ್ಷಣ’ ಎಂದರು. ಅಂಗಡಿಯವರು, ಇಂಥ ಮೌನಗಳನ್ನು ಬಹಳ ಕಂಡವರು, ಮಾದರಿ ಕಾರ್ಡುಗಳ ಕಟ್ಟನ್ನು ದೊಡ್ಡಮ್ಮನ ಕಡೆ ತಳ್ಳಿ ಬೇರೆ ಗಿರಾಕಿ ಕಡೆ ತಿರುಗಿದರು. ದೊಡ್ಡಮ್ಮ ಒಂದು ಮಾದರಿಯನ್ನು ಎತ್ತಿಕೊಂಡು, ತನ್ನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದು ಕೊಟ್ಟಳು. ಕೆಳಗೆ ಚಿಕ್ಕಪ್ಪನದು. ಆ ಕಥೆಯಲ್ಲಿ ಕಾರ್ಡು ಯಾಕೆ ಅಷ್ಟು ಮುಖ್ಯ ಎಂದು ಕಾಯ್ಕಿಣಿಯವರಿಗೆ ಮೊದಲೇ ಗೊತ್ತಿತ್ತು. ಅವರ ನಗರದಲ್ಲಿ ಜನ ಸುಮ್ಮನೆ ನಡೆಯುವುದು ಅಪರೂಪ, ಏನೋ ಒಂದು ಪುಟ್ಟ ಕೆಲಸಕ್ಕೆ ಹೊರಟಿರುತ್ತಾರೆ.

ಚೀಟಿಯನ್ನು ನಾನು ಅತಿಯಾಗಿ ಮೆರೆಸುತ್ತಿದ್ದೇನೆಂದು ನನಗೂ ಅನುಮಾನವಿದೆ. ಚೀಟಿ ಹಿಡಿದವರಿಗೆ ಚೀಟಿಯಾಚೆಯದು ಕಾಣುವುದಿಲ್ಲ. ರಂಗನಾಥಸ್ವಾಮಿ ಗುಡಿಯ ಮುಂದೆ ಹಾದರೂ ದೊಡ್ಡಮ್ಮ ನಿಂತಲ್ಲೇ ಕೈಮುಗಿದು ಮುಂದೆ ಹೋದಳು, ಕಂಬ ನೋಡಲು ಒಳಗೆ ಹೋದವಳು ನಾನೊಬ್ಬಳೇ. ಕೊಳ್ಳುವ ನೆಪವಿಲ್ಲದೆ ಹೆಂಗಸರು ನಡೆಯುವ ಕಾಲ ಬರಬೇಕು, ಬರುತ್ತಲೂ ಇದೆ. ನಮ್ಮ ಚಿತ್ರದುರ್ಗದ ನೇಮಿಚಂದ್ರ ಪೆರು ದೇಶವನ್ನೇ ಸುತ್ತಿ ಬರೆದಿದ್ದಾರೆ. ನನ್ನ ತಕರಾರು ಇಷ್ಟೇ: ಆ ಕಾಲ ಬರುವವರೆಗೆ ನಡೆದವರನ್ನು ನಡೆದೇ ಇಲ್ಲವೆಂಬಂತೆ ನಾನು ಅಧ್ಯಾಯ ಬರೆದೆ.

ಕತ್ತಲಾಗುವ ಹೊತ್ತಿಗೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯ ಹತ್ತಿರ ಬಂದಿದ್ದೆವು. ಎ.ಎನ್. ಮೂರ್ತಿರಾವ್ ಅವರ ‘ಹಗಲುಗನಸುಗಳು’ ಒಂದು ಹಳೆಯ ಮುದ್ರಣ, ಬೆನ್ನು ಕಿತ್ತದ್ದು, ಕೈಗೆ ಸಿಕ್ಕಿತು. 120 ಅಂದರು. ಪುಸ್ತಕಕ್ಕೆ ಚೌಕಾಸಿ ಮಾಡುವುದು ನನಗೆ ಸಂಕೋಚ, ಪರ್ಸಿಗೆ ಕೈ ಹಾಕಿದೆ. ದೊಡ್ಡಮ್ಮ ನನ್ನ ಕೈ ತಡೆದು ಪುಸ್ತಕವನ್ನು ಇಸಿದುಕೊಂಡಳು. ಸೀರೆಯ ಸೆರಗು ನೋಡಿದ ಹಾಗೆ ಹಿಂದೆ ಮುಂದೆ ತಿರುಗಿಸಿ, ಹೊಲಿಗೆ ಎಳೆದು ನೋಡಿದಳು.

‘ಬೆನ್ನೇ ಇಲ್ಲ ಇದುಕ್ಕೆ. ಎಪ್ಪತ್ತು ಮಾಡ್ಕಳಪ್ಪ.’

80ಕ್ಕೆ ಆಯಿತು. ನಾನೇ ಕೊಡುತ್ತೇನೆಂದರೂ ಕೇಳದೆ ಸೆರಗಿನ ಗಂಟಿನಿಂದ ದುಡ್ಡು ತೆಗೆದಳು. ಆಮೇಲೆ ಅಲ್ಲೇ ಗೋಡೆಗೆ ಚೀಟಿ ಒತ್ತಿ ಹಿಡಿದು, ‘ಕಾರ್ಡು’ ಕೆಳಗೆ 24ನೆಯ ಸಾಲು ಬರೆದಳು: ಬುಕ್ಕು, 80.