ಮಡಚಿದ ಉಕ್ಕಿನ ಕೀರ್ತಿ

ಜಪಾನಿನ ಕತ್ತಿಯ ಮೇಲೆ ಕನ್ನಡದಲ್ಲಿ ಬರುವ ಲೇಖನಗಳೆಲ್ಲ ಒಂದೇ ಅಚ್ಚಿನವು. ಸಮುರಾಯಿ, ಮಾಸಮುನೆ, ಮಂಗೋಲರ ದಾಳಿ, 1876ರಲ್ಲಿ ಸೊಂಟದ ಕತ್ತಿಗೆ ಬಿದ್ದ ನಿಷೇಧ: ಇವನ್ನು ಮತ್ತೆ ಹೇಳಬೇಕಾಗಿಲ್ಲ. ನನ್ನ ತಕರಾರು ಆ ಲೇಖನಗಳಲ್ಲಿ ತಪ್ಪದೇ ಬರುವ ‘ಸಾವಿರ ಸಲ ಮಡಚಿದ ಉಕ್ಕು’ ಎಂಬ ಮಾತಿನ ಮೇಲೆ. ಕಟಾನಾಕ್ಕೆ ಸಾಟಿಯಿಲ್ಲ ಎಂಬ ತೀರ್ಪು ನಿಂತಿರುವುದು ಬಹುಮಟ್ಟಿಗೆ ಅದೊಂದರ ಮೇಲೆಯೇ. ಆ ಮಾತು ಸುಳ್ಳು.

ಲೆಕ್ಕ ಹಾಕಿ ನೋಡಿ. ಒಮ್ಮೆ ಮಡಚಿದರೆ ಎರಡು ಪದರ, ಇನ್ನೊಮ್ಮೆಗೆ ನಾಲ್ಕು. ಹತ್ತು ಸಲಕ್ಕೆ 1,024, ಹದಿನೈದಕ್ಕೆ 32,768. ಜಪಾನಿನ ಕಮ್ಮಾರ ಹೆಚ್ಚುಕಡಿಮೆ ಅಷ್ಟಕ್ಕೇ ಕೈಬಿಡುತ್ತಾನೆ. ಪ್ರತಿ ಕಾವಿಗೂ ಉಕ್ಕಿನೊಳಗಿನ ಇಂಗಾಲ ಸುಟ್ಟುಹೋಗುತ್ತದೆ. ಸಾವಿರ ಸಲ ಮಡಚಿದರೆ ಕೈಯಲ್ಲಿ ಉಳಿಯುವುದು ಮೆತ್ತನೆಯ ಕಬ್ಬಿಣ, ಅದೂ ಉಳಿದರೆ. ಇರಲಿ, ಅವನು ಮಡಚುವುದಾದರೂ ಯಾಕೆ? ಅವನಿಗೆ ಸಿಗುವುದು ಕಬ್ಬಿಣದ ಮರಳು. ಅದನ್ನು ‘ತತಾರಾ’ ಎಂಬ ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನ ಜೊತೆ ಮೂರು ಹಗಲು ಮೂರು ರಾತ್ರಿ ಉರಿಸಿ, ಕೊನೆಗೆ ಕುಲುಮೆಯನ್ನೇ ಒಡೆದು ಗಟ್ಟಿಯನ್ನು ಹೊರಗೆಳೆಯುತ್ತಾರೆ. ಅದು ಪೂರ್ತಿ ಕರಗಿ ಎರಕವಾದ ಉಕ್ಕಲ್ಲ. ಒಂದು ತುಂಡಿನಲ್ಲಿ ಇಂಗಾಲ ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ, ನಡುವೆ ಕಿಟ್ಟ. ಕಿಟ್ಟ ಹಿಂಡಿ ತೆಗೆಯಲು, ಇಂಗಾಲವನ್ನು ಸಮ ಮಾಡಲು ಮಡಚಿ ಬಡಿಯಬೇಕು. ಎಂದರೆ ಮಡಚುವುದು ರೋಗಕ್ಕೆ ಕೊಟ್ಟ ಮದ್ದು. ನಮ್ಮ ಲೇಖಕರು ಮದ್ದನ್ನೇ ಮೈಕಟ್ಟು ಎಂದುಕೊಂಡು ಹೊಗಳುತ್ತಿದ್ದಾರೆ.

ಜಪಾನಿನವನ ನಿಜವಾದ ಜಾಣ್ಮೆ ಇರುವುದು ಆಮೇಲಿನ ಕೆಲಸದಲ್ಲಿ. ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಜೇಡಿ ಬಳಿದು, ಕಾಯಿಸಿ ನೀರಿಗೆ ಇಳಿಸಿದರೆ ಬಾಯಿ ಗಡುಸಾಗುತ್ತದೆ, ಬೆನ್ನು ಬಾಗುವಷ್ಟು ಮೆದುವಾಗಿ ಉಳಿಯುತ್ತದೆ. ಕತ್ತಿಯ ಬಾಗು ಬಹುಪಾಲು ಹುಟ್ಟುವುದೂ ಆ ಗಳಿಗೆಯಲ್ಲೇ. ಇದಕ್ಕೆ ತಲೆಬಾಗುತ್ತೇನೆ. ಉಕ್ಕಿಗಲ್ಲ.

ಯಾಕೆಂದರೆ ಮಡಚುವ ಗರಜೇ ಇಲ್ಲದ ಉಕ್ಕು ನಮ್ಮ ಸೀಮೆಯಲ್ಲಿ ಆಗುತ್ತಿತ್ತು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳಂತೆ 1948ರವರೆಗೆ ನಿಜಾಮರ ರಾಜ್ಯದಲ್ಲೇ ಇದ್ದ ಕೋನಸಮುದ್ರಂ ಈಗ ತೆಲಂಗಾಣದ ನಿಜಾಮಾಬಾದ್ ಸೀಮೆಯ ಊರು. ಅಲ್ಲಿಯ ಉಕ್ಕಿಗಾಗಿ ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಇಂಥದೇ ಕೆಲಸ ಕಂಡು ಬರೆದಿಟ್ಟ: ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿರೆಲೆ ಎಲ್ಲವನ್ನೂ ಮಣ್ಣಿನ ಮೂಸೆಗೆ ತುಂಬಿ, ಬಾಯಿ ಮೆತ್ತಿ, ತಿದಿ ಊದಿ ಕಾಯಿಸುವುದು. ಮೂಸೆಯೊಳಗೆ ಉಕ್ಕು ಕರಗುತ್ತದೆ, ಕಿಟ್ಟ ತೇಲುತ್ತದೆ, ಇಂಗಾಲ ತಾನೇ ಹರಡಿಕೊಳ್ಳುತ್ತದೆ. ಕತ್ತಿಯ ಮೈಮೇಲೆ ಕಾಣುವ ನೀರಲೆಯಂಥ ಗೆರೆ ಪದರದ್ದಲ್ಲ, ಉಕ್ಕಿನ ಒಳಗಿನದೇ. ಇದರ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಫ್ಯಾರಡೆ 1820ರ ಸುಮಾರಿಗೆ ಪ್ರಯೋಗಕ್ಕಿಳಿದಿದ್ದ. ಅದಿರಿನಲ್ಲಿದ್ದ ವನೇಡಿಯಂನಂಥ ಧಾತುವಿನ ಅತಿಸಣ್ಣ ಅಂಶವೇ ಆ ಗೆರೆಗೆ ಕಾರಣ ಎಂದು ಅಮೆರಿಕದ ಲೋಹವಿಜ್ಞಾನಿ ವರ್ಹೋವನ್ ತೋರಿಸಿದ್ದು 1990ರ ದಶಕದಲ್ಲಿ.

ಇಷ್ಟು ಹೇಳಿದ ಕೂಡಲೇ ನಮ್ಮ ಹೆಮ್ಮೆಯ ಬರಹಗಾರರು ಶಿಳ್ಳೆ ಹಾಕುತ್ತಾರೆ. ಕಟಾನಾ ಭಕ್ತರಿಗಿಂತ ನನಗೆ ಇವರದೇ ಕಾಟ ಹೆಚ್ಚು. 2023ರ ಮೇ ತಿಂಗಳಲ್ಲಿ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಂಚದ ಪಕ್ಕದ ಕತ್ತಿ 1.4 ಕೋಟಿ ಪೌಂಡಿಗೆ ಹೋದಾಗ ಇವರಿಗೆ ಹಬ್ಬವೋ ಹಬ್ಬ. ಆ ಅಲಗು ಜರ್ಮನ್ ಮಾದರಿಯದು ಎಂದು ಹರಾಜಿನವರೇ ಹೇಳಿದ್ದನ್ನು ಎಷ್ಟು ಜನ ಗಮನಿಸಿದರು? ದಖ್ಖನಿನ ಸರದಾರರು ‘ಫಿರಂಗಿ’ ಎಂದು ಹೆಸರಿಟ್ಟು ಯುರೋಪಿನ ಅಲಗುಗಳನ್ನೇ ಆಸೆಪಟ್ಟು ಹಿಡಿಯುತ್ತಿದ್ದದ್ದು ಇವರ ಪುಟಗಳಲ್ಲಿ ಬರುವುದೇ ಇಲ್ಲ. ನಮ್ಮ ಉಕ್ಕಿಗೂ ದೋಷವಿತ್ತು: ಇಂಗಾಲ ಹೆಚ್ಚಾದ್ದರಿಂದ ಕಾವು ಸ್ವಲ್ಪ ಮಿಕ್ಕರೆ ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ‘ಕಳೆದುಹೋದ ರಹಸ್ಯ ವಿದ್ಯೆ’ ಎಂದು ಕಣ್ಣೀರಿಡುವವರು ಮೂಸೆ ಮೆತ್ತಿದ ಕೈ ಯಾರದ್ದು, ಇದ್ದಿಲಿಗೆ ಕಾಡು ಎಲ್ಲಿಂದ ಬಂತು, ಅಗ್ಗದ ಇಂಗ್ಲಿಷ್ ಉಕ್ಕು ಯಾವಾಗ ಸಂತೆಗೆ ಇಳಿಯಿತು ಎಂದು ಕೇಳುವುದಿಲ್ಲ. ಕೇಳಿದರೆ ರಹಸ್ಯ ಅರ್ಧ ಕರಗುತ್ತದೆ.

ಜಪಾನು ಗೆದ್ದದ್ದು ಕಾಪಾಡುವುದರಲ್ಲಿ. ಅಲ್ಲಿ ಕಮ್ಮಾರ ಹಿಡಿಯೊಳಗಿನ ಬಾಲದ ಮೇಲೆ ತನ್ನ ಹೆಸರು ಕೆತ್ತುತ್ತಾನೆ. ಹೊನಾಮಿ ಮನೆತನ ತಲೆಮಾರುಗಟ್ಟಲೆ ಕತ್ತಿ ಪರೀಕ್ಷಿಸಿ ಪತ್ರ ಬರೆದುಕೊಟ್ಟಿತು. ಎರಡನೇ ಮಹಾಯುದ್ಧದ ನಂತರ ಆರಿದ್ದ ತತಾರಾ ಕುಲುಮೆಯನ್ನು ಶಿಮಾನೆಯಲ್ಲಿ 1977ರಲ್ಲಿ ಮತ್ತೆ ಹೊತ್ತಿಸಿದರು. ನಮ್ಮಲ್ಲಿ ರಾಷ್ಟ್ರಕೂಟರ ಮಳಖೇಡದ ಕೋಟೆಯ ಪಕ್ಕದಲ್ಲೇ ಸಿಮೆಂಟಿನ ಚಿಮಣಿ ಹೊಗೆಯಾಡುತ್ತದೆ, ವಾಡಿ, ಶಹಾಬಾದಿನ ಹೆಸರು ಹೇಳಿದರೆ ನೆನಪಾಗುವುದು ಸಿಮೆಂಟು ಮತ್ತು ಫರಸಿ. ಖಡ್ಗ ಉಳಿದಿರುವುದು ವೀರಗಲ್ಲುಗಳ ಮೇಲೆ, ಮತ್ತೆ ವೀರಭದ್ರನ ಜಾತ್ರೆಯಲ್ಲಿ ಒಡಪು ಹೇಳುವ ಪುರವಂತರ ಕೈಯಲ್ಲಿ. ಆ ಕೈಯಲ್ಲೂ ಈಗ ಹೊಳೆಯುವುದು ಹೆಚ್ಚಾಗಿ ಅಂಗಡಿಯ ಸ್ಟೀಲು.

ಆದ್ದರಿಂದ ನಮ್ಮ ಭಾಗದ ಗುಡಿಯವರಲ್ಲಿ, ದರ್ಗಾದವರಲ್ಲಿ, ಹಳೆ ವಾಡೆಯವರಲ್ಲಿ ಒಂದು ಕೋರಿಕೆ. ಅಟ್ಟದ ಮೇಲಿನ ಹಳೆ ಕತ್ತಿಗೆ ಹಬ್ಬದ ನೆಪದಲ್ಲಿ ಎಮರಿ ಕಾಗದ ಉಜ್ಜಬೇಡಿ, ನಿಕಲ್ ಹಚ್ಚಿಸಬೇಡಿ. ಇದ್ದ ಗೆರೆಯೂ ಅಳಿಸಿಹೋಗುತ್ತದೆ. ತೆಳ್ಳಗೆ ಎಣ್ಣೆ ಸವರಿ, ಉದ್ದ, ತೂಕ, ಯಾರಿಂದ ಬಂತು ಎಂಬುದನ್ನು ಬರೆದಿಟ್ಟು, ಒಂದು ಫೋಟೊ ತೆಗೆದಿಡಿ.